ಊರಿಗೆ ಬಂದು ಆರು ತಿಂಗಳು ಮಕ್ಕಳಿಗೆ ಪಾಠ ಹೇಳುವ ಆಸೆ, ಮಾಡಿದವರು ಹೇಳಿ

ನನ್ನೂರು ಶಿಡ್ಲಘಟ್ಟದ ಹತ್ತಿರ. ನ್ಯೂಜೆರ್ಸಿಗೆ ಬಂದು 18 ವರ್ಷ ಆಯಿತು. ಪಾಸ್‌ಪೋರ್ಟ್ ಅಮೆರಿಕದ್ದು, ಓಸಿಐ ಕಾರ್ಡ್ (ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವುದು) ಇದೆ. ಜೂನ್‌ನಿಂದ ಆರು ತಿಂಗಳು ಬಿಡುವು ಸಿಕ್ಕಿದೆ. ಊರಿನ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್, ಕಂಪ್ಯೂಟರ್ ಹೇಳಿಕೊಡಬೇಕು ಅಂತಿದ್ದೇನೆ. ಹೀಗೆ ಬಂದು ಮಾಡಿದವರು ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ಬಾಗೇಪಲ್ಲಿ ಕಡೆಯವನು, ಈಗ ಟೊರಾಂಟೊ
ನಾನು ಮಾಡಿದ್ದೇನೆ ಅಕ್ಕ, ಎಡವಿ ಎಡವಿ. 40 ಪಾಠಗಳನ್ನು ಬರೆದುಕೊಂಡು ಬಂದಿದ್ದೆ. ಒಂದೇ ವಾರಕ್ಕೆ ಅದು ಸೂಟ್‌ಕೇಸ್ ಸೇರಿತು. ನಮ್ಮ ಕಡೆ ಜಾಸ್ತಿ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಆಮೇಲಿನದು. ಮೊದಲ ದಿನವೇ ಇಂಗ್ಲಿಷಿನಲ್ಲಿ ಮಾತಾಡಿದೆ, ಇಡೀ ತರಗತಿ ತಲೆ ತಗ್ಗಿಸಿ ಕೂತಿತು. ಮಾರನೇ ದಿನ ತೆಲುಗಿನಲ್ಲಿ ಊಟ ಆಯಿತಾ ಅಂದೆ, ಬಾಯಿ ಬಿಟ್ಟರು. ಆಮೇಲೆ ಮನೆಯಿಂದ ಟೊಮೇಟೊ ಬೀಜದ ಪ್ಯಾಕೆಟ್, ಔಷಧಿ ಡಬ್ಬಿ ತರಿಸಿ ಅದರ ಮೇಲಿನ ಇಂಗ್ಲಿಷನ್ನೇ ಓದಿಸಿದೆ. ಅಪ್ಪನಿಗೆ ಓದಿ ಹೇಳಿದೆ ಸಾರ್ ಅಂತ ಒಬ್ಬಳು ಓಡಿಬಂದಳು.

ಸಂಜೆ ತರಗತಿ ಇಡಬೇಡಿ. ಬಸ್ಸು ತಪ್ಪುತ್ತದೆ, ಮೊದಲು ಬಿಟ್ಟು ಹೋಗುವವರು ಹೆಣ್ಣುಮಕ್ಕಳು. ಹತ್ತನೆಯವರಿಗೆ ಹೇಗೂ ವಿಶೇಷ ತರಗತಿ ಇರುತ್ತದೆ, ನೀವು ಎಂಟು, ಒಂಬತ್ತರವರನ್ನು ಹಿಡಿಯಿರಿ.

ನನ್ನ ದೊಡ್ಡ ತಪ್ಪು ಬೇರೆ. ವಾಪಸ್ ಹೋಗುವ ದಿನವನ್ನು ಕೊನೆಯ ವಾರದವರೆಗೂ ಹೇಳಲಿಲ್ಲ. ಹೇಳಿದ ಮೇಲೆ ದಿನಾ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ ಬರಲೇ ಇಲ್ಲ. ಮನೆ ಹುಡುಕಿಕೊಂಡು ಹೋದೆ, ಹಿತ್ತಲಿನಿಂದ ಹೊರಗೆ ಹೋಗಿಬಿಟ್ಟ. ನೀವು ಮೊದಲ ದಿನವೇ ತಾರೀಖನ್ನು ಬೋರ್ಡ್ ಮೇಲೆ ಬರೆದುಬಿಡಿ.

ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಗೌರಿಬಿದನೂರು
ಬಾಮ್ಮ. ಆದರೆ ಜೂನ್ ಮೊದಲ ವಾರ ಬೇಡ, ದಾಖಲಾತಿ, ಪುಸ್ತಕ ಹಂಚುವ ಗಲಾಟೆ. ಮುಖ್ಯ ಶಿಕ್ಷಕರಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಪತ್ರ ಕೊಡು, ಎಸ್‌ಡಿಎಂಸಿಯವರನ್ನು, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯವರನ್ನು, ಮಾತಾಡಿಸು. ಒಂದೇ ಮಗುವನ್ನು ಮನೆಗೆ ಕರೆಸಿ ಪಾಠ ಮಾಡಬೇಡ, ಮಕ್ಕಳ ಫೋಟೊ ಹಾಕಬೇಡ. ಶಾಲೆಯಲ್ಲಿ ಜಾಗ ಸಿಗದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡು, ಈಗ ಅರಿವು ಕೇಂದ್ರ ಅನ್ನುತ್ತಾರೆ.

ಇನ್ನೊಂದು. ನಮ್ಮ ಹೊಸೂರಿನ ಎಚ್. ನರಸಿಂಹಯ್ಯನವರು ಓಹಿಯೋದಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಬಂದು, ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ಬದುಕಿದವರು. ಗೌರಿಬಿದನೂರು, ಬಾಗೇಪಲ್ಲಿಯ ನ್ಯಾಷನಲ್ ಕಾಲೇಜುಗಳ ಹಿಂದೆ ಅವರಿದ್ದರು. ಇಲ್ಲಿನ ಹಿರಿಯರು ಅಮೆರಿಕದಿಂದ ಬಂದವರನ್ನೆಲ್ಲ ಅವರ ಪಕ್ಕ ನಿಲ್ಲಿಸಿ ತೂಗುತ್ತಾರೆ, ಆರು ತಿಂಗಳಿಗೆ ಬಂದವರನ್ನೂ! ನಕ್ಕು ಸುಮ್ಮನಾಗು.

ಚಿಂತಾಮಣಿಯ ಆಡಿಟರ್
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಅಮೆರಿಕದ ಗೆಳೆಯರಿಂದ ಚಂದಾ ಎತ್ತಿ ಇಲ್ಲಿನ ಟ್ರಸ್ಟಿಗೆ ಸುಮ್ನೆ ಕಳಿಸಬೇಡಿ. ಓಸಿಐ ಕಾರ್ಡ್ ಇದ್ದರೂ ಕಾನೂನಿನ ಲೆಕ್ಕದಲ್ಲಿ ನೀವು ವಿದೇಶಿಯರು, ನೀವು ಕೊಟ್ಟದ್ದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಟ್ರಸ್ಟಿಗೆ ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚಿತ ಅನುಮತಿ ಇರಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಟ್ರಸ್ಟುಗಳು ಸಿಕ್ಕಿಬೀಳುವುದು ಇಲ್ಲೇ. ಹಾಗೆಯೇ ಮಕ್ಕಳ ಬಗ್ಗೆ ಸಂಶೋಧನೆ ಮಾಡುವ ಯೋಚನೆ ಇದ್ದರೆ ಓಸಿಐಯವರಿಗೆ ವಿಶೇಷ ಅನುಮತಿ ಬೇಕು, 2021ರಿಂದ ಹಾಗೆ ನಿಯಮ ಇದೆ.

ಬಿಕಾಂ ಓದುತ್ತಿರುವವಳು
ಆಂಟಿ, ನಾನು ಹೀಗೆ ಬಂದವರೊಬ್ಬರ ಹತ್ತಿರ ಕಲಿತವಳು. ಇಂಗ್ಲಿಷ್ ಅಷ್ಟೇನೂ ಬರಲಿಲ್ಲ, ನಿಜ ಹೇಳ್ತೀನಿ. ಆದರೆ ಅರ್ಜಿ ತುಂಬುವುದು, ಇಂಟರ್‌ವ್ಯೂನಲ್ಲಿ ಗೊತ್ತಿಲ್ಲ ಅನ್ನುವುದು ಹೇಗೆ ಅಂತ ಕಲಿಸಿದರು, ಅದು ಈಗಲೂ ಉಪಯೋಗಕ್ಕೆ ಬರುತ್ತಿದೆ. ‘ನಮ್ಮ ಅಮೆರಿಕದಲ್ಲಿ’ ಅಂತ ಮಾತ್ರ ದಿನಾ ಶುರು ಮಾಡಬೇಡಿ, ಹುಡುಗರು ಎಣಿಸುತ್ತಾರೆ.

ಕೇಳಿದವಳು
ಎಲ್ಲರಿಗೂ ಥ್ಯಾಂಕ್ಸ್. ಎಣಿಸುತ್ತಾರೆ ಅಂದದ್ದಕ್ಕೆ ಜಾಸ್ತಿ ಭಯ ಆಯಿತು. ಚಂದಾ ಎತ್ತುವ ಯೋಚನೆ ಬಿಟ್ಟೆ. ವಾಪಸ್ ಟಿಕೆಟ್ ನವೆಂಬರ್ 28ಕ್ಕೆ, ಅದನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ. ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ನಮ್ಮೂರಿನ ಗ್ರಂಥಾಲಯ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ಕೇಳಿದೆ. ಬೀಗದ ಕೈ ಯಾರ ಹತ್ತಿರ ಇದೆಯೋ ವಿಚಾರಿಸಿ ಹೇಳುತ್ತೇನೆ ಅಂದರು.