ಭತ್ತದ ದುಡ್ಡಿನ ದಶಮಾಂಶ: ಖರ್ಚು ಕಳೆಯೋಕೆ ಮುಂಚೆಯೋ, ಕಳೆದ ಮೇಲೋ?

ಸಿಂಧನೂರು ರೈತ:
ಎಲ್ಲರಿಗೂ ವಂದನೆಗಳು. ಲೀಜಿಗೆ ಹಾಕಿಕೊಂಡ ನಾಲ್ಕು ಎಕರೆ ಭತ್ತ ಮಾರಿದ ದುಡ್ಡು ಕೈಗೆ ಬಂದಿದೆ. ಅದರಲ್ಲೇ ಲೀಜು, ಗೊಬ್ಬರದ ಅಂಗಡಿ ಬಾಕಿ, ಕಟಾವು ಮಷೀನಿನ ಬಾಡಿಗೆ ಎಲ್ಲಾ ತೀರಿಸಬೇಕು. ನಮ್ಮ ಚರ್ಚ್ ಸಭೆಯಲ್ಲಿ ಬೈಬಲ್ಲಿನ ಮಲಾಕಿ 3:10 ಓದಿ, ಬಂದ ಒಟ್ಟು ಹಣದಲ್ಲೇ ಹತ್ತನೇ ಒಂದು ಪಾಲು, ಅಂದ್ರೆ ದಶಮಾಂಶ, ಕೊಡಬೇಕು ಅಂತಾರೆ. ಹಾಗೆ ಕೊಟ್ಟರೆ ಅಮ್ಮನ ಶುಗರ್ ಮಾತ್ರೆಗೂ ಸಾಲ ಮಾಡಬೇಕಾಗುತ್ತೆ. ಕೊಡೋ ಮನಸ್ಸಿದೆ, ಲೆಕ್ಕ ಹೊಂದುತ್ತಿಲ್ಲ.

ಕೊಪ್ಪಳದವ:
ಬ್ರದರ್, ಗೊಬ್ಬರದ ಅಂಗಡಿಗೆ ಕೊಡಬೇಕಾದ್ದು ನಿಮ್ಮ ದುಡ್ಡು ಹೇಗಾಗುತ್ತೆ? ಕಳೆದು ಉಳಿದದ್ದಷ್ಟೇ ನಿಮ್ಮದು. ದಶಮಾಂಶ ಇದ್ದದ್ದು ದೇವರ ಗುಡಿಯ ಸೇವೆ ಮಾಡ್ತಿದ್ದ, ಸ್ವಂತ ಹೊಲ ಇಲ್ಲದ ಲೇವಿ ಕುಲದವರಿಗೆ, ಮೂರು ವರ್ಷಕ್ಕೊಮ್ಮೆ ಅದು ಊರಲ್ಲೇ ಉಳಿದು ಪರದೇಶಿ, ಅನಾಥರು, ವಿಧವೆಯರ ಹೊಟ್ಟೆಗೂ ಹೋಗ್ತಿತ್ತು (ಧರ್ಮೋಪದೇಶಕಾಂಡ 14:28-29). ಕಾಣಿಕೆ ಎತ್ತುವಾಗ ಆ ವಚನ ಯಾಕೋ ಯಾರಿಗೂ ನೆನಪಾಗಲ್ಲ! ಯೇಸುವಿನ ಸುವಾರ್ತೆ ಸಾರಿದ ಪೌಲ, ಕೊರಿಂಥ ಊರಿನ ಸಭೆಯವರಿಗೆ ಬರೆದಾಗ ಇಷ್ಟೇ ಪಾಲು ಅಂತ ಗೆರೆ ಹಾಕಲಿಲ್ಲ. ಇದ್ದದ್ದರ ಪ್ರಕಾರ ಕೊಡಿ, ಬಲವಂತಕ್ಕೆ ಬೇಡ, ಸಂತೋಷದಿಂದ ಕೊಡಿ ಅಂದ.

ಬಳ್ಳಾರಿ ಸಿಸ್ಟರ್:
ಅಣ್ಣ, ನಾನು ಪೂರ್ತಿ ಒಪ್ಪಲ್ಲ. ಮೋಶೆಯ ಧರ್ಮಶಾಸ್ತ್ರ ಬರೋಕೆ ಮುಂಚೆಯೇ ಮೂಲಪಿತೃ ಅಬ್ರಹಾಮ ಯಾಜಕ ಮೆಲ್ಕಿಚೆದೇಕನಿಗೆ ಹತ್ತನೇ ಪಾಲು ಕೊಟ್ಟಿದ್ದ ಅಲ್ವಾ? ಉಳಿದ ಮೇಲೆ ಕೊಡ್ತೀನಿ ಅಂದ್ರೆ ನಮ್ಮಂಥವರ ಕೈಲಿ ಏನೂ ಉಳಿಯಲ್ಲ. ನಾನು ಜೀನ್ಸ್ ಹೊಲಿಯೋಳು, ಶನಿವಾರ ಬಟವಾಡೆ. ರೇಷನ್ನಿಗೆ ಹೋಗೋಕೆ ಮುಂಚೆ ಒಂದು ಕವರಿಗೆ ಹಾಕಿ ಪಿನ್ ಹೊಡೆದು ಬೈಬಲ್ಲಿನೊಳಗೆ ಇಟ್ಟುಬಿಡ್ತೀನಿ. ವಾರದ ಮೊದಲ ದಿನ ತೆಗೆದಿಡಿ ಅಂತ 1 ಕೊರಿಂಥ 16:2ರಲ್ಲೂ ಇದೆ. ಕೆಲವು ವಾರ ಕಡಿಮೆ, ಬೋನಸ್ ಬಂದಾಗ ಜಾಸ್ತಿ.

ರಾಯಚೂರು ಹಿರಿಯ:
ತಮ್ಮಾ, ಮೊದಲು ಅಮ್ಮನ ಮಾತ್ರೆ ತಗೊಂಡು ಬಾ. ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್’, ದೇವರಿಗೆ ಮುಡಿಪು ಅಂತ ಹೇಳಿ ಜಾರಿಕೊಳ್ಳೋರನ್ನು ಯೇಸುವೇ ಬೈದಿದ್ದು, ಮಾರ್ಕ 7ರಲ್ಲಿ. ಆಮೇಲೆ ಸಿಸ್ಟರ್ ಹೇಳಿದ ಹಾಗೆ ಕವರ್ ಮಾಡು, ಆದರೆ ಎಲ್ಲಾ ಸಭೆಗೇ ಹೋಗಬೇಕು ಅಂತೇನಿಲ್ಲ. ಹೊಲದ ಅಂಚು ಪೂರ್ತಿ ಕೊಯ್ಯಬೇಡಿ, ಹಕ್ಕಲು ಬಡವರಿಗೆ ಬಿಡಿ ಅಂತ ಯಾಜಕಕಾಂಡ 19ರಲ್ಲಿದೆ. ಬೈಬಲ್ಲಿನ ಬಡ ವಿಧವೆ ರೂತಳು ಆಯ್ದದ್ದು ಅದನ್ನೇ. ಈಗ ಮಷೀನ್ ಬಂದು ಹಕ್ಕಲು ಆಯೋರೇ ಇಲ್ಲ, ಹಾಗಾಗಿ ನಾಟಿಗೆ ಬಂದ ಕೂಲಿ ಹೆಣ್ಣುಮಕ್ಕಳಲ್ಲಿ ಕಷ್ಟದಲ್ಲಿರೋರಿಗೆ ಒಂದು ಚೀಲ ಕೊಡು. ಸಭೆಗೆ ಕೊಟ್ಟದ್ದಕ್ಕೆ ಲೆಕ್ಕ ಕೇಳೋದೂ ತಪ್ಪಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಪೌಲನೇ ಯೆರೂಸಲೇಮಿನ ಬಡವರ ಹಣ ಸಾಗಿಸೋಕೆ ತನ್ನ ಜೊತೆಗಾರ ತೀತನ ಜೊತೆ ಇನ್ನಿಬ್ಬರನ್ನು ಕಳಿಸಿದ್ದ. ನಿಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ಲೆಕ್ಕ ಓದ್ತಾರಾ?