ಪದಚರ್ಚೆ: ‘ವಿಟ್ಟಿ’ಗೆ ಕನ್ನಡದಲ್ಲಿ ಏನು? (ಫಲಕಕ್ಕೆ ಬೇಕು, ತುರ್ತು)

ಭಾಷಣ ಸ್ಪರ್ಧೆಯ ಬಹುಮಾನದ ಫಲಕದಲ್ಲಿ ‘ಮೋಸ್ಟ್ ವಿಟ್ಟಿ ಸ್ಪೀಕರ್’ ಅನ್ನುವುದನ್ನು ಕನ್ನಡದಲ್ಲಿ ಕೆತ್ತಿಸಬೇಕು. ನಾಳೆ ಬೆಳಿಗ್ಗೆಯೇ ಕೆತ್ತುವವರಿಗೆ ಕೊಡಬೇಕು. ಒಂದೇ ಸಾಲು, ಹೆಚ್ಚೆಂದರೆ 14 ಅಕ್ಷರ. ‘ಹಾಸ್ಯ’ ಬಳಸುವಂತಿಲ್ಲ, ಹ್ಯೂಮರಿಗೆ ಬೇರೆ ಬಹುಮಾನವಿದ್ದು ಆ ಫಲಕದಲ್ಲಿ ‘ಹಾಸ್ಯ’ ಆಗಲೇ ಕೂತಿದೆ. ಗೆಲ್ಲುವವರು ಗಂಡೋ ಹೆಣ್ಣೋ ಈಗಲೇ ಹೇಳಲಾಗದು. ಚಾಟೂಕ್ತಿ, ವಿನೋದ, ಜಾಣ್ಣುಡಿ, ಇವುಗಳಲ್ಲಿ ಯಾವುದಾದೀತು?

—

ಮೂರೂ ಆಗದು. ‘ಚಾಟು’ವಿನ ಮೂಲಾರ್ಥ ಮೆಚ್ಚಿಸಲು ಆಡುವ ಮಾತು, ಮುಖಸ್ತುತಿ. ‘ವಿನೋದ’ಕ್ಕೆ ಮಾತೇ ಬೇಕಿಲ್ಲ, ಗಾಳಿಪಟ ಹಾರಿಸಿದರೂ ವಿನೋದವೇ. ‘ಜಾಣ್ಣುಡಿ’ ಅಂದರೆ ಕ್ಯಾಲೆಂಡರಿನ ಕೆಳಗಿನ ಸೂಕ್ತಿ.

ವಿಟ್ ಯಾವುದು, ಹಾಸ್ಯ ಯಾವುದು ಎಂದು ಗುರುತಿಸಲು ಪದ ಬದಲಿಸಿ ನೋಡಿ.

‘ನನ್ನ ಭಾಷಣ ಹಿಡಿಸಿತೇ?’
‘ಹಿಡಿಸಿತು, ಒಂದೂವರೆ ಗಂಟೆ.’

ಕೇಳಿದವರ ಕ್ರಿಯಾಪದವನ್ನೇ ಕಸಿದುಕೊಂಡು ಇನ್ನೊಂದು ಅರ್ಥ ಹಚ್ಚಿ ವಾಪಸು ಕೊಟ್ಟದ್ದು. ‘ಹಿಡಿಸಿತು’ ತೆಗೆದು ‘ಇಷ್ಟವಾಯಿತು’ ಹಾಕಿ, ಎಲ್ಲ ಠುಸ್ಸೆನ್ನುತ್ತದೆ. ಅದೇ ಭಾಷಣಕಾರರು ಮೈಕಿನ ತಂತಿಗೆ ಕಾಲು ತೊಡರಿ ಮುಗ್ಗರಿಸಿದರೆ ಅದು ಹಾಸ್ಯ. ಯಾವ ಪದದಲ್ಲಿ ಹೇಳಿದರೂ ನಗು ಉಳಿಯುತ್ತದೆ. ಅಲಂಕಾರಶಾಸ್ತ್ರದಲ್ಲಿ ಮೊದಲನೆಯದಕ್ಕೆ ಶ್ಲೇಷವಕ್ರೋಕ್ತಿ ಎಂಬ ಹೆಸರೇ ಇದೆ. ಆದ್ದರಿಂದ ನಿಮ್ಮ ಪದದೊಳಗೆ ‘ಉಕ್ತಿ’ಯೋ ‘ಮಾತೋ’ ಇರಲೇಬೇಕು: ‘ಚತುರೋಕ್ತಿ ಬಹುಮಾನ’. ಎಂಟೇ ಅಕ್ಷರ. ಬಹುಮಾನ ಮಾತಿಗೆ ಹೋಗುವುದರಿಂದ ಮಾತುಗಾರ, ಮಾತುಗಾರ್ತಿ ಎಂಬ ತೊಡಕೂ ಇಲ್ಲ. ‘ಚತುರುಕ್ತಿ’ ಎಂದು ಕೆತ್ತಿಯಾರು, ನೋಡಿಕೊಳ್ಳಿ. ಗುಣಸಂಧಿ.

ಬೇರೆ ಕಡೆ ಇದೇ ಪದವನ್ನು ಎಳೆದು ತರಬೇಡಿ. ವ್ಯಕ್ತಿಯಾದರೆ ‘ಮಾತಿನ ಚತುರ’ ಅಥವಾ ‘ಚತುರೆ’, ಉತ್ತರವಾದರೆ ‘ಥಟ್ಟನೆ ಕೊಟ್ಟ ಜಾಣ ಉತ್ತರ’, ಬರಹವಾದರೆ ‘ಚುರುಕಾದ’ ಸಾಕು. ‘ಡ್ರೈ ವಿಟ್’ ಅನ್ನು ‘ಒಣಹಾಸ್ಯ’ ಮಾಡಿದರೆ ಕೆಟ್ಟಿತು, ಕನ್ನಡದಲ್ಲಿ ಒಣಮಾತು ಅಂದರೆ ಹುರುಳಿಲ್ಲದ ಮಾತು. ‘ಮುಖ ಸಡಿಲಿಸದೆ ಆಡುವ ಚತುರೋಕ್ತಿ’ ಎಂದು ಬಿಡಿಸಿ ಬರೆಯಿರಿ. ಬಹುವಚನದ ‘ವಿಟ್ಸ್’ ಕಂಡರೆ ಅಲ್ಲಿ ನಗುವೇ ಇಲ್ಲ, ಅದು ಬರೀ ಬುದ್ಧಿ.

—

> ಚತುರೋಕ್ತಿ ಬಹುಮಾನ

ಒಂದೇ ಒಂದು ಕನ್ನಡದ ಪದವಿಲ್ಲ. ‘ನುಡಿಜಾಣ್ಮೆ’ ಅನ್ನಿ. ಅಚ್ಚಗನ್ನಡ.

—

‘ಜಾಣ’ ಅಚ್ಚಗನ್ನಡ ಎಂದವರು ಯಾರು? ಸಂಸ್ಕೃತದ ‘ಜ್ಞಾ’ ಧಾತು ಪ್ರಾಕೃತದ ಮೂಲಕ ಇಳಿದು ಬಂದದ್ದು, ತದ್ಭವ. ಮುಂದಿನ ಬಾಗಿಲಲ್ಲಿ ತಡೆದವರನ್ನು ಹಿತ್ತಿಲಿಂದ ಒಳಗೆ ಕರೆದಂತಾಯಿತು. ಇರಲಿ, ‘ನುಡಿಜಾಣ್ಮೆ’ಯಲ್ಲಿ ನಗೆ ಎಲ್ಲಿದೆ? ವಕೀಲರಿಗೂ ಅದು ಇರುತ್ತದೆ.

—

‘ಚತುರೋಕ್ತಿ’ಯಲ್ಲಿ ನಗೆ ಇದೆಯೋ?

—

ಬಳಕೆಯಿಂದ ಬಂದಿದೆ. ಇಂಗ್ಲಿಷಿನಲ್ಲೂ ಆದದ್ದು ಅದೇ, ‘ವಿಟ್ಟಿ’ಗೆ ಮೊದಲು ಬುದ್ಧಿವಂತ ಎಂಬಷ್ಟೇ ಅರ್ಥವಿತ್ತು.

—

ಎಲ್ಲರೂ ಒಂದು ಮರೆತಿರಿ. ‘ವಿಟ್’ ನಮ್ಮ ನಾಟಕಗಳ ‘ವಿಟ’ನೇ. ಭಾಣವೆಂಬ ಏಕಪಾತ್ರ ರೂಪಕದ ನಾಯಕ, ಮಾತಿನ ಮಲ್ಲ. ಪದ ಇಲ್ಲಿಂದಲೇ ಹೋಗಿದೆ.

—

ಇಲ್ಲ. ‘ವಿಟ್’ ಹಳೆಯ ಇಂಗ್ಲಿಷಿನ ‘ವಿಟನ್’, ಅಂದರೆ ತಿಳಿ, ಎಂಬುದರ ಬಳಗದ್ದು. ನಂಟು ಬೇಕಿದ್ದರೆ ‘ವಿದ್’ ಧಾತುವಿನೊಡನೆ ಇದೆ. ಗ್ರಿಮ್ ನಿಯಮದ ಪ್ರಕಾರ ಮೂಲಭಾಷೆಯ ದಕಾರ ಜರ್ಮಾನಿಕ್ ಕವಲಿನಲ್ಲಿ ಟಕಾರವಾಗುತ್ತದೆ: ದ್ವಿ–ಟೂ, ದಶ–ಟೆನ್, ವಿದ್–ವಿಟ್. ಹೋಗಿಯೂ ಇಲ್ಲ, ಬಂದೂ ಇಲ್ಲ, ಎರಡೂ ಒಂದೇ ಬೇರಿನವು. ಕಿವಿಗೆ ಹತ್ತಿರವಾದದ್ದೆಲ್ಲ ನಂಟಸ್ತಿಕೆಯಲ್ಲ.

—

ಹಾಗಾದರೆ ‘ವಿದಗ್ಧ’ವೇ ಸರಿಯಾದ ಪದವಾಯಿತಲ್ಲ? ಅದೇ ವಿದ್ ಧಾತು!

—

ಅದು ವಿ + ದಗ್ಧ, ದಹ್ ಧಾತು. ಸುಟ್ಟು ಹದವಾದವನು. ಅರ್ಥವೇನೋ ಕೂಡುತ್ತದೆ, ಅಲಂಕಾರಶಾಸ್ತ್ರಜ್ಞ ಕುಂತಕ ವಕ್ರೋಕ್ತಿಯನ್ನು ‘ವೈದಗ್ಧ್ಯಭಂಗೀಭಣಿತಿ’, ಅಂದರೆ ಜಾಣ ಬೆಡಗಿನ ಮಾತು, ಎಂದದ್ದು ಅದಕ್ಕೇ. ಆದರೆ ಫಲಕ ಓದುವವರು ‘ದಗ್ಧ’ದಲ್ಲಿ ಬೂದಿಯನ್ನೇ ಕಾಣುತ್ತಾರೆ.

—

ಸಂಸ್ಕೃತ ಅಷ್ಟು ಭಾರವಾದರೆ ‘ಚತುರನುಡಿ’ ಎಂದು ಮಾಡಬಹುದಲ್ಲ?

—

ಅರಿಸಮಾಸ, ಸಂಸ್ಕೃತಕ್ಕೂ ಕನ್ನಡಕ್ಕೂ ಸಲ್ಲದ ಬೆಸುಗೆ.

—

ಬಿರುದಾವಳಿಗಳಲ್ಲಿ ಅರಿಸಮಾಸಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಬಹುಮಾನದ ಫಲಕವೂ ಬಿರುದೇ, ಸ್ವಾಮಿ.

—

ಇಷ್ಟೆಲ್ಲ ಏಕೆ? ಜನ ‘ವಿಟ್ಟಿಯಾಗಿ ಮಾತಾಡ್ತಾರೆ’ ಅನ್ನುತ್ತಾರೆ. ‘ವಿಟ್ ಬಹುಮಾನ’ ಎಂದು ಕೆತ್ತಿಸಿ. ಬಸ್ಸು, ಮೈಕು ಜೀರ್ಣಿಸಿಕೊಂಡ ಭಾಷೆಗೆ ಇದೊಂದು ಅಜೀರ್ಣವೇ?

—

ಬಸ್ಸು, ಮೈಕು ‘ಉ’ಕಾರ ಹಚ್ಚಿಕೊಂಡು ನಾಮಪದಗಳಾಗಿ ನೆಲೆನಿಂತವು. ‘ವಿಟ್ಟಿ’ ಇನ್ನೂ ‘ಆದ’, ‘ಆಗಿ’ಗಳ ಊರುಗೋಲಿನಲ್ಲೇ ನಡೆಯುತ್ತಿದೆ. ಅದಕ್ಕಿಂತ ಮುಖ್ಯ, ಕೆತ್ತನೆಯಲ್ಲಿ ಮೊದಲು ಹೋಗುವುದೇ ಅರ್ಧಾಕ್ಷರದ ಗುರುತು. ‘ವಿಟ್ ಬಹುಮಾನ’ ‘ವಿಟ ಬಹುಮಾನ’ವಾಗಿ ಹೊರಬಂದರೆ, ಲಂಪಟನೆಂಬ ಬಿರುದನ್ನು ವೇದಿಕೆಯ ಮೇಲೆ ಕೈಗಿಟ್ಟಂತಾಯಿತು.

—

ಊರುಗೋಲಿನ ವಾದ ನಿಲ್ಲದು. ‘ಸುಂದರವಾದ’, ‘ಸರಳವಾದ’ ಏನು ಕುಂಟುತ್ತಿವೆಯೇ? ಸಂಸ್ಕೃತದಿಂದ ಬಂದರೆ ಅಲಂಕಾರ, ಇಂಗ್ಲಿಷಿನಿಂದ ಬಂದರೆ ಊರುಗೋಲು!

—

‘ಚತುರೋಕ್ತಿ ಬಹುಮಾನ’ ಎಂದೇ ಕಳಿಸಿದೆ. ರೋ ದೀರ್ಘ, ಕಕಾರಕ್ಕೆ ತಾವತ್ತು ಎಂದು ಪಕ್ಕದಲ್ಲಿ ಗುರುತು ಹಾಕಿದ್ದೇನೆ. ಎಲ್ಲರಿಗೂ ವಂದನೆ.

—

‘ಬಹುಮಾನ’ಕ್ಕೂ ಕನ್ನಡ ಪದ ಹುಡುಕಬಹುದಿತ್ತು.