ತುರ್ತು: 'ಸೆಲೆಕ್ಷನ್ ಬಯಾಸ್'ಗೆ ಕನ್ನಡದಲ್ಲಿ ಏನಂತೀರಿ?

ಗೆಳೆಯರೇ, ನಾಳೆ ಬೆಳಿಗ್ಗೆಯೊಳಗೆ ಒಂದು ಕೈಪಿಡಿಯ ಅನುವಾದ ಕೊಡಬೇಕು. ದೇಶಗಳು ಬೇರೆ ದೇಶಗಳ ಮೇಲೆ ಹೇಗೆ ಬಲಪ್ರಯೋಗ ಮಾಡುತ್ತವೆ ಅನ್ನೋದನ್ನು ದಾಖಲಿಸುವವರಿಗಾಗಿ ಬರೆದದ್ದು. ಸೆಲೆಕ್ಷನ್ ಬಯಾಸ್, ಅಂದರೆ ಕೆಲವು ಬಗೆಯ ಪ್ರಕರಣಗಳಷ್ಟೇ ಪಟ್ಟಿಗೆ ಸೇರಿ ತೀರ್ಮಾನ ಒಂದೇ ಕಡೆಗೆ ತಿರುಗುವುದು, ಪುಟಪುಟಕ್ಕೂ ಬರುತ್ತದೆ. ನಿಘಂಟಿನ ಪಕ್ಷಪಾತ, ಪೂರ್ವಗ್ರಹ ಎರಡೂ ಇಲ್ಲಿ ಕೂರುವುದಿಲ್ಲ. ಪಕ್ಷಪಾತ ಅಂದರೆ ಯಾರೋ ಬೇಕಂತಲೇ ಮಾಡಿದ ಹಾಗೆ. ಇಲ್ಲಿ ದಾಖಲಿಸುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ತಪ್ಪು ನುಸುಳುತ್ತದೆ.

ಆರ್ಥಿಕ ನಿರ್ಬಂಧವನ್ನೇ ನೋಡಿ. ಹಾಕಿದ ನಿರ್ಬಂಧಗಳನ್ನಷ್ಟೇ ಎಣಿಸಿದರೆ ಇದರಿಂದ ಏನೂ ಆಗಲ್ಲ ಅನ್ನಿಸುತ್ತದೆ. ಆದರೆ ಬರೀ ಬೆದರಿಕೆಗೇ ಮಣಿದ ದೇಶದ ಮೇಲೆ ನಿರ್ಬಂಧ ಹಾಕುವ ಪ್ರಮೇಯವೇ ಬರಲಿಲ್ಲ, ಹಾಗಾಗಿ ಅದು ಪಟ್ಟಿಗೇ ಬರಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲೂ ಅಷ್ಟೇ. ಚಲಾಯಿಸಿದ ವೀಟೋ ಲೆಕ್ಕಕ್ಕೆ ಸಿಗುತ್ತದೆ. ವೀಟೋ ಬೀಳುತ್ತದೆ ಅಂತ ಗೊತ್ತಾಗಿ ಮತಕ್ಕೇ ಹಾಕದೆ ಬಿಟ್ಟ ನಿರ್ಣಯ ಸಿಗುವುದಿಲ್ಲ.

'ಆಯ್ಕೆ ದೋಷ' ಸಾಕಾ?

---

> 'ಆಯ್ಕೆ ದೋಷ' ಸಾಕಾ?

ಸಾಲದು. ದೋಷ ಅನ್ನೋದು ಎರರ್‌ಗೆ ಬೇಕು. ಅಲ್ಲಲ್ಲಿ ಚದುರಿದ ತಪ್ಪು ಬೇರೆ, ಒಂದೇ ಕಡೆಗೆ ಎಳೆಯುವ ತಪ್ಪು ಬೇರೆ. 'ಆಯ್ಕೆಯ ಓರೆ' ಅನ್ನಿ. ಓರೆಗಣ್ಣಿನ ಓರೆ, ಅಚ್ಚಕನ್ನಡ. ತಮಿಳಿನ 'ಓರವಂಜನೈ' ಅಂದರೂ ಪಕ್ಷಪಾತವೇ, ಅಲ್ಲಿಗೆ ಬೇರು ಸಿಕ್ಕಿತಲ್ಲ. ಹಾಗೇ ಜಿಯೊಪಾಲಿಟಿಕ್ಸ್‌ಗೆ 'ಭೂರಾಜಕೀಯ' ಅಂತ ಬಳಸಿದ್ದರೆ ಆ ಮಹಾಪ್ರಾಣ ತೆಗೆದು 'ನೆಲರಾಜಕೀಯ' ಮಾಡಿ.

---

ಬೇರು ಸಿಗಲಿಲ್ಲ. ಅದು ಅಂಚು ಅನ್ನುವ ಓರ. ನಿಮ್ಮ ಓರೆಗೂ ಅದಕ್ಕೂ ನಂಟು ತೋರಿಸಿ, ಆಮೇಲೆ ಮಾತಾಡೋಣ. ಅಚ್ಚಿನಲ್ಲಿ ದೀರ್ಘ ಹಾರಿಹೋದರೆ 'ಆಯ್ಕೆಯ ಒರೆ' ಆಗುತ್ತದೆ, ಓದುವವರಿಗೆ ಒರೆಗಲ್ಲು ನೆನಪಾಗುತ್ತದೆ. ಅರ್ಥ ಪೂರ್ತಿ ಉಲ್ಟಾ. ಇನ್ನು ನೆಲರಾಜಕೀಯ ಅಂದರೆ ಜನ ಜಮೀನು ಜಗಳ ಅಂದುಕೊಳ್ಳುತ್ತಾರೆ. ರಾಜಕೀಯವನ್ನು ಒಳಗಿಟ್ಟುಕೊಂಡು ಭೂ ಒಂದನ್ನೇ ಓಡಿಸೋದು ಎಂಥ ಶುದ್ಧಿ?

ನನ್ನ ಮತ 'ಆಯ್ಕೆ ವಾಲಿಕೆ'ಗೆ. ಕ್ರಿಯಾಪದ ಕೂಡ ಸಿಗುತ್ತದೆ: ಪಟ್ಟಿ ವಾಲಿದೆ, ವಾಲದಂತೆ ನೋಡಿಕೊಳ್ಳಿ.

ಆದರೆ ನಿಮ್ಮ ನಿಜವಾದ ತೊಂದರೆ 'ಬಲಪ್ರಯೋಗ'. ಆ ಪದ ನೋಡಿದವರು ಸೈನ್ಯ, ಹಡಗು, ಬಾಂಬ್ ಅಷ್ಟನ್ನೇ ಹೆಕ್ಕುತ್ತಾರೆ. 1963ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಯುದ್ಧಗಳ ದಾಖಲೆ ಯೋಜನೆ, ಕಾಳಗದಲ್ಲಿ 1000 ಸಾವಾದರೆ ಮಾತ್ರ ಯುದ್ಧ ಅಂತ ಗೆರೆ ಎಳೆಯಿತು. ಅವರ ವಿಷಯ ಯುದ್ಧ, ಸರಿ. ನಿಮ್ಮ ಕೈಪಿಡಿ ಸದ್ದಿಲ್ಲದ ಒತ್ತಡವನ್ನೂ ಹಿಡಿಯಬೇಕಲ್ಲ?

ಇನ್ನೊಂದು. ಸಾಲದ ಬಲೆ, ಅಂದರೆ ಸಾಲ ಕೊಟ್ಟು ಒಂದು ದೇಶವನ್ನು ಹಿಡಿತಕ್ಕೆ ತರುವುದು, ಅಂದ ಕೂಡಲೇ ಎಲ್ಲರೂ 2017ರಲ್ಲಿ ಚೀನಾದ ಕಂಪನಿಗೆ 99 ವರ್ಷದ ಗುತ್ತಿಗೆಗೆ ಹೋದ ಶ್ರೀಲಂಕಾದ ಹಂಬಂಟೋಟ ಬಂದರನ್ನೇ ಹಿಡಿದುಕೊಳ್ಳುತ್ತಾರೆ. ಫಲ ನೋಡಿ ಉದಾಹರಣೆ ಆರಿಸಿದರೆ ಬೇಕಾದ ತೀರ್ಮಾನ ಸಿಕ್ಕೇ ಸಿಗುತ್ತದೆ. ಚೀನಾದಿಂದ ಸಾಲ ಪಡೆದ ಎಲ್ಲ ದೇಶಗಳ ಪಟ್ಟಿ ಮೊದಲು ಮಾಡಬೇಕು, ಯಾರಿಗೆ ಏನಾಯಿತು ಅನ್ನೋದು ಆಮೇಲೆ. ಅನುವಾದದಲ್ಲಿ ಈ ಹಿಂದುಮುಂದು ಕಲಸಿಹೋಗದಿರಲಿ.

---

ಸುಮ್ನೆ ಇಷ್ಟು ಕಸರತ್ತು ಯಾಕೆ? 'ಬಯಾಸ್' ಅಂತಲೇ ಬರೆಯಿರಿ. ವೀಟೋ ಬಂತು, ಯಾರೂ ಅಳಲಿಲ್ಲ.

---

ವೀಟೋ ಒಂಟಿಯಾಗಿ ಬಂತು. ಬಯಾಸ್ ಬಂದರೆ ಹಿಂದೆಯೇ ಬಯಾಸ್ಡ್, ಅನ್‌ಬಯಾಸ್ಡ್ ಎಲ್ಲ ಸಂಸಾರ ಸಮೇತ ಬರುತ್ತವೆ. ಆಗ ಕನ್ನಡಕ್ಕೆ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ.

---

ಪ್ರತ್ಯಯ ಉಳಿದರೆ ಭಾಷೆ ಉಳಿದ ಹಾಗೇ ಸ್ವಾಮಿ. ಪಕ್ಷಪಾತ ಏನು ನಿಮ್ಮ ಮುತ್ತಾತ ಮಾಡಿದ್ದಾ?

---

ಜಗಳ ಮುಂದುವರಿಸಿ, ನಾನು ಪ್ರತಿ ಕಳಿಸಬೇಕು. 'ಆಯ್ಕೆ ವಾಲಿಕೆ' ಹಾಕಿದ್ದೇನೆ. 'ಬಲಪ್ರಯೋಗ' ಇದ್ದಲ್ಲೆಲ್ಲ 'ಪ್ರಭಾವ ಬೀರುವುದು' ಆಗಿದೆ. ಅಧ್ಯಾಯದ ಹೆಸರು 'ಪಟ್ಟಿ ವಾಲದಂತೆ ದಾಖಲಿಸುವುದು ಹೇಗೆ?' ಭೂರಾಜಕೀಯ ಮಹಾಪ್ರಾಣದ ಜೊತೆಗೇ ಇರುತ್ತದೆ.